ಫೆಂಟನಿಲ್ ಮಾರಿದವರಿಗೆ ಕಡ್ಡಾಯ ಕನಿಷ್ಠ ಶಿಕ್ಷೆ: ಸಹಿ ಹಾಕಲಾ, ಬೇಡವಾ?

ಸುಮಾ_ಎಚ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹದಿನಾರು ವರ್ಷದಿಂದ ಅಮೆರಿಕದಲ್ಲಿದ್ದೇನೆ. ಇಲ್ಲಿಯ ಕಾನೂನು ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರ ಕೊಡಿ. ಒಂದು ವಾರದಿಂದ ಇದೇ ತಲೆ ಕೊರೆಯುತ್ತಿದೆ.

ನನ್ನ ಮಗನ ಜೊತೆ ಹೈಸ್ಕೂಲಲ್ಲಿ ಓದುತ್ತಿದ್ದ ಒಬ್ಬ ಹುಡುಗ ಕಳೆದ ಚಳಿಗಾಲದಲ್ಲಿ ತೀರಿಕೊಂಡ. ಹದಿನೇಳು ವರ್ಷ. ಆಟದಲ್ಲಿ ಬೆನ್ನಿಗೆ ಪೆಟ್ಟಾಗಿತ್ತು, ನೋವು ಅಂತ ಫೋನಿನಲ್ಲಿ ಯಾರನ್ನೋ ಹಿಡಿದು ಪರ್ಕೊಸೆಟ್ ಮಾತ್ರೆ ತರಿಸಿಕೊಂಡಿದ್ದ. ಅದು ಪರ್ಕೊಸೆಟ್ ಅಲ್ಲ, ಫೆಂಟನಿಲ್ ಅನ್ನುವ ಅತಿ ಬಲವಾದ ನೋವುನಿವಾರಕ ಮಾದಕ ವಸ್ತು ಬೆರೆಸಿ ಅಚ್ಚೊತ್ತಿದ ನಕಲಿ ಮಾತ್ರೆ. ನುಂಗಿದ್ದು ಒಂದೇ. ಬೆಳಗ್ಗೆ ಅವರಮ್ಮ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು. ನಾನು ಅವರ ಮನೆಗೆ ಊಟ ತೆಗೆದುಕೊಂಡು ಹೋದೆ, ಬಾಗಿಲಲ್ಲಿ ನಿಂತು ಏನು ಹೇಳಬೇಕು ಅಂತ ತಿಳಿಯಲಿಲ್ಲ.

ಈಗ ನಮ್ಮ ರಾಜ್ಯದ ಶಾಸನಸಭೆಯಲ್ಲಿ ಒಂದು ಮಸೂದೆ ಬಂದಿದೆ. ಫೆಂಟನಿಲ್ ಮಾರಾಟಕ್ಕೆ, ಇಷ್ಟು ಗ್ರಾಂ ದಾಟಿದರೆ ಇಷ್ಟು ವರ್ಷ ಜೈಲು ಖಚಿತ, ಜಡ್ಜ್ ಅದಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ. ಆ ಹುಡುಗನ ಅಮ್ಮ ಇದಕ್ಕಾಗಿ ಸಹಿ ಸಂಗ್ರಹಿಸುತ್ತಿದ್ದಾರೆ. ಶಾಲೆಯ ಪೋಷಕರೆಲ್ಲ ಸಹಿ ಹಾಕಿದ್ದಾರೆ. ನಾನೂ ಪೆನ್ನು ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ನನ್ನ ಮಗ ಕೇಳಿದ: "ಅಮ್ಮಾ, ಇದರಿಂದ ಮಾರೋದು ನಿಲ್ಲುತ್ತಾ?" ನನಗೆ ಉತ್ತರ ಗೊತ್ತಿರಲಿಲ್ಲ.

ನನ್ನ ಪ್ರಶ್ನೆ ಅಷ್ಟೇ. ಇಂಥ ಕಾನೂನಿನಿಂದ ಮಕ್ಕಳು ಉಳಿಯುತ್ತಾರಾ? ಈಗಾಗಲೇ ಇಂಥದ್ದು ಇಲ್ಲವಾ? ಮತ್ತೆ ಈ ಗ್ರಾಂ ಲೆಕ್ಕ ಅಂದರೆ ಏನು?

ರಘು_ವಕೀಲ:

ಸುಮಾ ಅವರೇ, ನಾನು ಪಬ್ಲಿಕ್ ಡಿಫೆಂಡರ್ ಕಚೇರಿಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಅಂದರೆ ವಕೀಲರನ್ನು ಇಟ್ಟುಕೊಳ್ಳಲು ದುಡ್ಡಿಲ್ಲದ ಆರೋಪಿಗಳ ಪರ ನಿಲ್ಲುವ ಕೆಲಸ. ನಾನು ನೋಡಿದ್ದು ಆ ಕಡೆಯ ಬೆಂಚಿನಿಂದ, ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಈಗಾಗಲೇ ಇದೆಯಾ ಅಂದರೆ, ಇದೆ. ಫೆಡರಲ್ ಕಾನೂನಿನಲ್ಲಿ, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಕೇಂದ್ರದ ಕಾನೂನಿನಲ್ಲಿ, ಫೆಂಟನಿಲ್ ಇರುವ ಮಿಶ್ರಣ 40 ಗ್ರಾಂ ಆದರೆ ಕನಿಷ್ಠ 5 ವರ್ಷ, 400 ಗ್ರಾಂ ಆದರೆ ಕನಿಷ್ಠ 10 ವರ್ಷ. ಫೆಂಟನಿಲ್‌ನ ರಚನೆಯನ್ನೇ ಸ್ವಲ್ಪ ತಿರುಚಿ ಮಾಡಿದ ಅನಲಾಗ್‌ಗಳಿಗೆ ಇನ್ನೂ ಬಿಗಿ: 10 ಗ್ರಾಂಗೆ 5 ವರ್ಷ, 100 ಗ್ರಾಂಗೆ 10 ವರ್ಷ. 2025ರ ಜುಲೈನಲ್ಲಿ ಹಾಲ್ಟ್ ಫೆಂಟನಿಲ್ ಕಾಯ್ದೆ ಬಂತು. 2018ರಿಂದ ತಾತ್ಕಾಲಿಕವಾಗಿ ಮುಂದುವರಿಯುತ್ತಿದ್ದ ನಿಷೇಧವನ್ನು ಅದು ಕಾಯಂ ಮಾಡಿತು. ಫೆಂಟನಿಲ್ ಜಾತಿಯ ವಸ್ತುಗಳೆಲ್ಲ ಈಗ ಒಟ್ಟಾಗಿ ಶೆಡ್ಯೂಲ್ 1ರಲ್ಲಿ, ಅಂದರೆ ಅತ್ಯಂತ ಬಿಗಿಯಾದ ನಿಷೇಧದ ಪಟ್ಟಿಯಲ್ಲಿವೆ. ರಾಜ್ಯಗಳದ್ದು ಬೇರೆ ಬೇರೆ. ಫ್ಲೋರಿಡಾದಲ್ಲಿ 4 ಗ್ರಾಂ ದಾಟಿದರೇ 7 ವರ್ಷ, 14 ಗ್ರಾಂ ದಾಟಿದರೆ 20 ವರ್ಷ.

ಇನ್ನೊಂದು ಮಾತು, ಇದು ನಿಮ್ಮ ಮಗನ ಗೆಳೆಯನ ವಿಷಯಕ್ಕೆ ನೇರವಾಗಿ ಬರುತ್ತದೆ. ಮಾರಿದ ವಸ್ತುವಿನಿಂದ ಸಾವಾದರೆ ಫೆಡರಲ್ ಕಾನೂನಿನಲ್ಲಿ ಕನಿಷ್ಠ 20 ವರ್ಷ. ಅಲ್ಲಿ ತೂಕದ ಲೆಕ್ಕವೇ ಇಲ್ಲ, ಒಂದು ಮಾತ್ರೆ ಸಾಕು. ಆದರೆ ಆ ವಸ್ತು ಇಲ್ಲದಿದ್ದರೆ ಆ ಸಾವು ಆಗುತ್ತಿರಲಿಲ್ಲ ಅಂತ ಸರ್ಕಾರ ಸಾಬೀತು ಮಾಡಬೇಕು. ಸುಪ್ರೀಂ ಕೋರ್ಟ್ ಇದನ್ನು 2014ರಲ್ಲಿ ಬರೇಜ್ ಪ್ರಕರಣದಲ್ಲಿ ಹೇಳಿತು. ಒಂದೇ ಮಾತ್ರೆ, ಬೇರೆ ಏನೂ ಇಲ್ಲ ಅನ್ನುವಂಥ ಕೇಸಿನಲ್ಲಿ ಇದು ಕಷ್ಟವಲ್ಲ. ಕಷ್ಟ ಇರುವುದು ಮಾರಿದವನನ್ನು ಪತ್ತೆ ಹಚ್ಚುವುದರಲ್ಲಿ.

ಜನ ಅಂದುಕೊಂಡಿರುವುದು ಏನೆಂದರೆ, ಕನಿಷ್ಠ ಶಿಕ್ಷೆ ಬಂದರೆ ಯಾರಿಗೂ ರಿಯಾಯಿತಿ ಕೊಡುವ ಅಧಿಕಾರ ಇರುವುದಿಲ್ಲ ಅಂತ. ಹಾಗಲ್ಲ. ಅಧಿಕಾರ ಜಡ್ಜ್ ಕೈಯಿಂದ ಪ್ರಾಸಿಕ್ಯೂಟರ್, ಅಂದರೆ ಸರ್ಕಾರದ ಪರ ಕೇಸ್ ನಡೆಸುವ ವಕೀಲರ ಕೈಗೆ ಹೋಗುತ್ತದೆ, ಅಷ್ಟೇ. ಯಾವ ಆರೋಪ ಹಾಕಬೇಕು, ಎಷ್ಟು ಗ್ರಾಂ ಅಂತ ಬರೆಯಬೇಕು, ಯಾವುದನ್ನು ಕೈಬಿಡಬೇಕು, ಇದೆಲ್ಲ ಅವರೇ ತೀರ್ಮಾನಿಸುತ್ತಾರೆ. ಜಡ್ಜ್ ಕೊಡುವ ಶಿಕ್ಷೆಗಾದರೆ ಬಹಿರಂಗ ಕೋರ್ಟ್ ಇದೆ, ಕಾರಣ ಹೇಳಬೇಕು, ಮೇಲ್ಮನವಿ ಇದೆ. ಪ್ರಾಸಿಕ್ಯೂಟರ್ ಕೋಣೆಯಲ್ಲಿ ಆಗುವ ಮಾತುಕತೆಗೆ ಅದ್ಯಾವುದೂ ಇಲ್ಲ. ಫೆಡರಲ್ ಕೋರ್ಟುಗಳಲ್ಲಿ ಶಿಕ್ಷೆಯಾಗುವವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಜನ ವಿಚಾರಣೆಗೆ ಹೋಗದೆ ತಪ್ಪೊಪ್ಪಿಕೊಳ್ಳುತ್ತಾರೆ. ಹತ್ತು ವರ್ಷ ಖಚಿತ ಅಂತ ಮುಂದೆ ಇಟ್ಟರೆ, ಐದಕ್ಕೆ ಒಪ್ಪಿಕೋ ಅಂದಾಗ ಯಾರು ತಾನೆ ಬೇಡ ಅಂತಾರೆ?

ತಪ್ಪಿಸಿಕೊಳ್ಳಲು ಎರಡು ದಾರಿ ಇವೆ. ಒಂದು 1994ರಿಂದ ಇರುವ ಸೇಫ್ಟಿ ವಾಲ್ವ್. ಹಳೆಯ ಅಪರಾಧಗಳು ಹೆಚ್ಚಿಲ್ಲ, ಬಂದೂಕು ಇಲ್ಲ, ಯಾರೂ ಸತ್ತಿಲ್ಲ, ಗುಂಪಿನ ನಾಯಕ ಅಲ್ಲ, ಗೊತ್ತಿದ್ದದ್ದನ್ನೆಲ್ಲ ಹೇಳಿದ್ದಾನೆ ಅಂದರೆ ಜಡ್ಜ್ ಕನಿಷ್ಠಕ್ಕಿಂತ ಕೆಳಗೆ ಹೋಗಬಹುದು. 2018ರ ಫಸ್ಟ್ ಸ್ಟೆಪ್ ಕಾಯ್ದೆ ಇದನ್ನು ಹಿಗ್ಗಿಸಿತು, 2024ರಲ್ಲಿ ಸುಪ್ರೀಂ ಕೋರ್ಟಿನ ಪಲ್ಸಿಫರ್ ತೀರ್ಪು ಬಂದು ಮತ್ತೆ ಕುಗ್ಗಿತು. ಇನ್ನೊಂದು ದಾರಿ, ಬೇರೆಯವರನ್ನು ಹಿಡಿಯಲು ಸರ್ಕಾರಕ್ಕೆ ಸಹಾಯ ಮಾಡುವುದು. ಆದರೆ ಅದನ್ನು ಸರ್ಕಾರವೇ ಕೋರ್ಟಿಗೆ ಕೇಳಿಕೊಳ್ಳಬೇಕು.

ಈ ಎರಡನೆಯದರಲ್ಲೇ ನನ್ನ ಹೊಟ್ಟೆ ಉರಿದದ್ದು. ನನ್ನ ಕಕ್ಷಿದಾರಳು ಒಬ್ಬಳಿದ್ದಳು, ಇಪ್ಪತ್ತೆರಡು ವರ್ಷ. ಬಾಯ್‌ಫ್ರೆಂಡ್ ಹೇಳಿದ ಕಡೆ ಪೊಟ್ಟಣ ಮುಟ್ಟಿಸಿ ಬರುತ್ತಿದ್ದಳು, ಅವಳಿಗೂ ಚಟ ಇತ್ತು. ಅವನಿಗೆ ಮೇಲಿನವರ ಹೆಸರು ಗೊತ್ತಿತ್ತು, ಹೇಳಿದ, ಶಿಕ್ಷೆ ಕಡಿಮೆಯಾಯಿತು. ಇವಳಿಗೆ ಗೊತ್ತಿದ್ದದ್ದು ಅವನೊಬ್ಬನ ಹೆಸರು, ಅವನು ಆಗಲೇ ಪೊಲೀಸರ ಹತ್ತಿರ ಇದ್ದ. ಹಿಂದೆ ಅಂಗಡಿ ಕಳ್ಳತನ, ಒಂದು ಹೊಡೆದಾಟ ಅಂತ ಕೇಸುಗಳಿದ್ದವು, ಹಾಗಾಗಿ ಸೇಫ್ಟಿ ವಾಲ್ವ್ ಕೂಡ ಇಲ್ಲ. ಪೊಟ್ಟಣ ಒಯ್ದವಳಿಗೆ ಹತ್ತು ವರ್ಷ, ಕೊಟ್ಟು ಕಳಿಸಿದವನಿಗೆ ನಾಲ್ಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. ಆ ಜಡ್ಜ್ ತೀರ್ಪು ಓದುವಾಗ, ನನ್ನ ಕೈ ಕಟ್ಟಿದೆ ಅಂತಲೇ ಹೇಳಿದರು.

ಮಂಜುನಾಥ್_ಕೆ:

ರಘು ಅವರೇ, ನಿಮ್ಮ ಕಕ್ಷಿದಾರಳ ಕಥೆ ಓದಿದೆ, ಬೇಜಾರಾಯಿತು. ಈಗ ನನ್ನದು ಕೇಳಿ.

ನನ್ನ ತಮ್ಮ 2021ರಲ್ಲಿ ಹೋದ. ಇಪ್ಪತ್ತಾರು ವರ್ಷ. ಅವನಿಗೆ ಮಾರಿದವನು ಸಿಕ್ಕಿಬಿದ್ದ. ಅವನ ಫೋನಿನಲ್ಲಿ ಮೆಸೇಜ್ ಇತ್ತು: ಈ ಸಲದ್ದು ಜೋರಾಗಿದೆ, ಮೊನ್ನೆ ಒಬ್ಬ ಬಿದ್ದ, ಹುಷಾರು. ಅಂದರೆ ಅವನಿಗೆ ಗೊತ್ತಿತ್ತು. ಒಬ್ಬ ಬಿದ್ದಿದ್ದಾನೆ ಅಂತ ಗೊತ್ತಿದ್ದೂ ಅದೇ ಚೀಲದಿಂದ ತೆಗೆದು ನನ್ನ ತಮ್ಮನಿಗೆ ಮಾರಿದ. ಫೆಡರಲ್ ಕೇಸ್ ಆಗಲಿಲ್ಲ, ರಾಜ್ಯದ ಕೋರ್ಟಿನಲ್ಲಿ ರಾಜಿ ಮಾಡಿಕೊಂಡರು, ಹದಿನಾಲ್ಕು ತಿಂಗಳಿಗೆ ಹೊರಗೆ ಬಂದ. ನನ್ನ ಅಪ್ಪ ಆ ದಿನ ಊಟ ಮಾಡಲಿಲ್ಲ.

ನೀವು ಹೇಳುತ್ತೀರಿ, ಜಡ್ಜ್‌ಗೆ ಬಿಡಿ ಅಂತ. ನಮ್ಮ ಕೇಸ್ ಜಡ್ಜ್‌ಗೆ ಬಿಟ್ಟಿದ್ದೇ ಅಲ್ವಾ? ಪಕ್ಕದ ಕೌಂಟಿಯಲ್ಲಿ ಇಂಥದ್ದೇ ಕೇಸಿಗೆ ಎಂಟು ವರ್ಷ ಆಯಿತು. ಒಂದು ಜೀವದ ಬೆಲೆ ಯಾವ ಕೋರ್ಟಿನ ಬಾಗಿಲಲ್ಲಿ ನಿಂತಿದ್ದೇವೆ ಅನ್ನುವುದರ ಮೇಲೆ ಹೋಗಬಾರದು. ಕೆಳಗೆ ಒಂದು ಗೆರೆ ಇರಲಿ, ಅದಕ್ಕಿಂತ ಕೆಳಗೆ ಇಳಿಯಬೇಡಿ ಅಂತ ಸಮಾಜ ಹೇಳುವುದರಲ್ಲಿ ತಪ್ಪೇನಿದೆ? ಆ ಬಾಯ್‌ಫ್ರೆಂಡ್ ಬಾಯಿ ಬಿಟ್ಟನಲ್ಲ, ಅವನು ಯಾಕೆ ಬಿಟ್ಟ? ಮುಂದೆ ದೊಡ್ಡ ಶಿಕ್ಷೆ ಇತ್ತು, ಅದಕ್ಕೇ ಬಿಟ್ಟ. ಆ ಭಯ ಇಲ್ಲದಿದ್ದರೆ ಮೇಲಿನವರು ಯಾರೂ ಯಾವತ್ತೂ ಸಿಗುವುದಿಲ್ಲ.

ಮತ್ತೆ ಅವನು ಒಳಗಿದ್ದಷ್ಟು ದಿನ ಅವನಂತೂ ಮಾರಲಿಲ್ಲ. ಇದು ಸಣ್ಣ ವಿಷಯ ಅಲ್ಲ ನನಗೆ. ಸುಮಾ ಅವರೇ, ಸಹಿ ಹಾಕಿ.

ವೀಣಾ_ಲ್ಯಾಬ್:

ಮಂಜುನಾಥ್ ಅವರೇ, ನಿಮ್ಮ ತಮ್ಮನ ವಿಷಯಕ್ಕೆ ನನ್ನ ಹತ್ತಿರ ಸಮಾಧಾನದ ಮಾತಿಲ್ಲ. ಗೊತ್ತಿದ್ದೂ ಮಾರಿದವನಿಗೆ ಹದಿನಾಲ್ಕು ತಿಂಗಳು ತೀರಾ ಕಡಿಮೆ, ಅದನ್ನು ನಾನು ಒಪ್ಪುತ್ತೇನೆ. ನಾನು ರಸಾಯನಶಾಸ್ತ್ರ ಓದಿದವಳು, ಗ್ರಾಂ ಲೆಕ್ಕದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ನನಗೆ ಈ ಕಾನೂನಿನಲ್ಲಿ ಎಲ್ಲಕ್ಕಿಂತ ದೊಡ್ಡ ದೋಷ ಕಾಣುವುದು ಅಲ್ಲೇ.

ಕಾನೂನು ಅಳೆಯುವುದು ಫೆಂಟನಿಲ್‌ನ ತೂಕ ಅಲ್ಲ. ಫೆಂಟನಿಲ್ ಪತ್ತೆಯಾದ ಇಡೀ ಮಿಶ್ರಣದ ತೂಕ. ಬೆರೆಸಿದ ಪುಡಿ, ಮಾತ್ರೆ ಗಟ್ಟಿಯಾಗಲು ಹಾಕಿದ ಅಂಟು, ನೀಲಿ ಬಣ್ಣ, ಎಲ್ಲ ಸೇರಿ. 1991ರಲ್ಲಿ ಚಾಪ್‌ಮನ್ ಪ್ರಕರಣದಲ್ಲಿ ಎಲ್‌ಎಸ್‌ಡಿ ಅನ್ನುವ ಮಾದಕ ವಸ್ತು ಹೀರಿಸಿದ ಕಾಗದದ ತೂಕವನ್ನೂ ಸೇರಿಸಿ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು, ಅದೇ ಲೆಕ್ಕ ಇಲ್ಲೂ.

ಈಗ ನೋಡಿ. ಒಂದು ನಕಲಿ ಮಾತ್ರೆ ಸುಮಾರು 0.1 ಗ್ರಾಂ ತೂಗುತ್ತದೆ. 400 ಮಾತ್ರೆ ಇದ್ದರೆ 40 ಗ್ರಾಂ, 5 ವರ್ಷ ಖಚಿತ. ಅಭ್ಯಾಸವಿಲ್ಲದ ಮನುಷ್ಯನನ್ನು ಕೊಲ್ಲಲು 2 ಮಿಲಿಗ್ರಾಂ ಸಾಕು ಅಂತ ಅಮೆರಿಕದ ಮಾದಕ ವಸ್ತು ನಿಗ್ರಹ ಸಂಸ್ಥೆ ಡಿಇಎ ಹೇಳುತ್ತದೆ, ಅಂದರೆ ಹತ್ತು ಹದಿನೈದು ಉಪ್ಪಿನ ಹರಳಿನಷ್ಟು. ಪ್ರತಿ ಮಾತ್ರೆಯಲ್ಲೂ ಅಷ್ಟು ಇದೆ ಅಂದುಕೊಂಡರೂ ಆ 400 ಮಾತ್ರೆಗಳಲ್ಲಿ ನಿಜವಾದ ಫೆಂಟನಿಲ್ 0.8 ಗ್ರಾಂ ಮಾತ್ರ. ಇನ್ನೊಬ್ಬ ಶುದ್ಧ ಪುಡಿ 39 ಗ್ರಾಂ ಜೇಬಿನಲ್ಲಿಟ್ಟುಕೊಂಡಿದ್ದಾನೆ. ಅದರಿಂದ 19,500 ಸಾವಿನ ಡೋಸ್ ಆಗುತ್ತದೆ. ತೂಕದ ಲೆಕ್ಕದಲ್ಲಿ ಅವನಿಗೆ ಕನಿಷ್ಠ ಶಿಕ್ಷೆಯೇ ಅಂಟುವುದಿಲ್ಲ. ಮೇಲೆ ಹೋದಷ್ಟೂ ಸರಕು ಶುದ್ಧ, ತೂಕ ಕಡಿಮೆ. ಕೆಳಗೆ ಬಂದಷ್ಟೂ ಕಲಬೆರಕೆ, ತೂಕ ಜಾಸ್ತಿ. ತಕ್ಕಡಿ ತಲೆಕೆಳಗಾಗಿದೆ.

ಇನ್ನೂ ಒಂದು ವಿಷಯ. ಚೀಲ ಹೊತ್ತವನಿಗೆ ಒಳಗಿರುವುದು ಫೆಂಟನಿಲ್ ಅಂತ ಗೊತ್ತಿತ್ತು ಎಂದು ಫೆಡರಲ್ ಕೋರ್ಟಿನಲ್ಲಿ ಸಾಬೀತು ಮಾಡಬೇಕಾಗಿಲ್ಲ. ನಿಷೇಧಿತ ಮಾದಕ ವಸ್ತು ಅಂತ ಗೊತ್ತಿದ್ದರೆ ಸಾಕು. ಗೊತ್ತಿದ್ದೇ ಮಾರಿದ ನಿಮ್ಮ ತಮ್ಮನ ಕೇಸಿನವನೂ, ಹೆರಾಯಿನ್ ಅಂದುಕೊಂಡು ಪೊಟ್ಟಣ ಒಯ್ದವಳೂ ತಕ್ಕಡಿಯ ಮುಂದೆ ಒಂದೇ. ನಿಮ್ಮ ಸಿಟ್ಟಿಗೆ ಕಾರಣವಾದ ಆ ಮೆಸೇಜ್ ಇದೆಯಲ್ಲ, ಈ ಕಾನೂನಿನ ಗ್ರಾಂ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಇರಬೇಕಿತ್ತು.

ಫೆಂಟನಿಲ್ ಮುಚ್ಚಿದರೆ ಮುಗಿಯಿತಾ ಅಂದರೆ ಅದೂ ಇಲ್ಲ. ಈಗ ನಿಟಾಜೀನ್ ಅನ್ನುವ ಗುಂಪು ಬಂದಿದೆ. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿ ನೋವಿನ ಔಷಧಕ್ಕೆ ಅಂತ ಹುಡುಕಿ ಬಿಟ್ಟುಬಿಟ್ಟ ವಸ್ತುಗಳು. ರಚನೆ ಫೆಂಟನಿಲ್‌ನದಲ್ಲ, ಹಾಗಾಗಿ ಫೆಂಟನಿಲ್ ಜಾತಿಗೆ ಹಾಕಿದ ಬೇಲಿಯೊಳಗೆ ಬರುವುದಿಲ್ಲ. ಕೆಲವು ಫೆಂಟನಿಲ್‌ಗಿಂತಲೂ ಬಲ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ, ಕಾನೂನು ಬರೆಯುವವರು ಒಂದು ಹೆಸರಿನ ಹಿಂದೆ ಓಡುವಾಗ ಸರಕು ಮುಂದಿನ ತಿರುವಿನಲ್ಲಿರುತ್ತದೆ ಅಂತ ಹೇಳುತ್ತಿದ್ದೇನೆ.

ಸುಮಾ_ಎಚ್:

ವೀಣಾ, ಆ 39 ಗ್ರಾಂ ಲೆಕ್ಕ ಓದಿ ಎರಡು ಸಲ ಪೇಪರಿನ ಮೇಲೆ ಬರೆದು ನೋಡಿದೆ. ಸರಿಯಾಗಿದೆ. ನಮ್ಮ ರಾಜ್ಯದ ಮಸೂದೆಯನ್ನೂ ತೆಗೆದು ನೋಡಿದೆ, ಅದರಲ್ಲೂ ಮಿಶ್ರಣ ಅಂತಲೇ ಇದೆ.

ಮಂಜುನಾಥ್ ಅಣ್ಣ, ನಿಮ್ಮ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ನಾನು ಇನ್ನೂ ತೀರ್ಮಾನ ಮಾಡಿಲ್ಲ. ಒಂದು ಕೇಳಲಾ? ಆ ರಾತ್ರಿ ನಿಮ್ಮ ತಮ್ಮನ ಜೊತೆ ಯಾರಾದರೂ ಇದ್ದರಾ? ಇಷ್ಟವಿಲ್ಲದಿದ್ದರೆ ಉತ್ತರಿಸಬೇಡಿ.

ಮಂಜುನಾಥ್_ಕೆ:

ಇದ್ದ. ಒಬ್ಬ ಗೆಳೆಯ. ಅವನು ಆಂಬ್ಯುಲೆನ್ಸ್ ಕರೆಯಲಿಲ್ಲ. ನಲವತ್ತು ನಿಮಿಷ ಬಚ್ಚಲಲ್ಲಿ ತಣ್ಣೀರು ಸುರಿದನಂತೆ. ಆಮೇಲೆ ನನಗೆ ಫೋನ್ ಮಾಡಿದ.

ಶಾಂತಲಾ_ಇಆರ್:

ಮಂಜುನಾಥ್, ನಿಮ್ಮ ಉತ್ತರ ಓದಿ ಸ್ವಲ್ಪ ಹೊತ್ತು ಬರೆಯಲು ಆಗಲಿಲ್ಲ. ನಾನು ಎಮರ್ಜೆನ್ಸಿಯಲ್ಲಿ ನರ್ಸ್. ಹನ್ನೊಂದು ವರ್ಷ. ಈ ನಲವತ್ತು ನಿಮಿಷವನ್ನು ನಾನು ವಾರಕ್ಕೊಮ್ಮೆ ನೋಡುತ್ತೇನೆ.

ಫೆಂಟನಿಲ್ ಕೊಲ್ಲುವುದು ಉಸಿರಾಟ ನಿಲ್ಲಿಸಿ. ಉಸಿರು ನಿಂತ ಮೇಲೆ ಮಿದುಳಿಗೆ ಕೆಲವೇ ನಿಮಿಷಗಳ ಕಾಲಾವಕಾಶ. ನಲೋಕ್ಸೋನ್ ಅನ್ನುವ ಪ್ರತ್ಯೌಷಧ ಮೂಗಿಗೆ ಸಿಂಪಡಿಸಿದರೆ ಎರಡು ಮೂರು ನಿಮಿಷದಲ್ಲಿ ಜನ ಎದ್ದು ಕೂರುತ್ತಾರೆ, ನೋಡದವರಿಗೆ ನಂಬಲು ಕಷ್ಟ. 2023ರಿಂದ ಅದನ್ನು ಡಾಕ್ಟರ ಚೀಟಿ ಇಲ್ಲದೆಯೇ ಕೊಳ್ಳಬಹುದು. ಆದರೆ ಪಕ್ಕದಲ್ಲಿರುವವನು ತುರ್ತು ಸಹಾಯದ ನಂಬರ್ 911ಕ್ಕೆ ಫೋನ್ ಮಾಡಬೇಕಲ್ಲ. ಯಾಕೆ ಮಾಡುವುದಿಲ್ಲ ಅಂದರೆ ಭಯ. ನಮ್ಮ ಆಸ್ಪತ್ರೆಯ ಬಾಗಿಲಲ್ಲಿ ಗೆಳೆಯನನ್ನು ಇಳಿಸಿ ಕಾರು ಓಡಿಸಿಕೊಂಡು ಹೋಗುವವರಿದ್ದಾರೆ. ಏನು ತೆಗೆದುಕೊಂಡ, ಯಾವಾಗ ತೆಗೆದುಕೊಂಡ ಅಂತ ಕೇಳಲೂ ಒಬ್ಬರು ಉಳಿಯುವುದಿಲ್ಲ.

ಗುಡ್ ಸಮಾರಿಟನ್ ಕಾನೂನು ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲೂ ಇದೆ. ಸಹಾಯಕ್ಕೆ ಫೋನ್ ಮಾಡಿದವನ ಮೇಲೆ, ಕೈಯಲ್ಲಿ ಸ್ವಲ್ಪ ಮಾದಕ ವಸ್ತು ಇತ್ತು ಅಂತ ಕೇಸ್ ಹಾಕುವುದಿಲ್ಲ. ಆದರೆ ಮಾರಾಟದ ಕೇಸಿಗೆ, ಸಾವಿನ ಕೇಸಿಗೆ ಆ ರಕ್ಷಣೆ ಸಾಮಾನ್ಯವಾಗಿ ಇರುವುದಿಲ್ಲ. ಮತ್ತೆ ಮಾರಾಟ ಅಂದರೆ ದುಡ್ಡು ತೆಗೆದುಕೊಳ್ಳಲೇಬೇಕು ಅಂತಿಲ್ಲ. ರಘು ಅವರು ತಿದ್ದಲಿ, ಫೆಡರಲ್ ಕಾನೂನಿನಲ್ಲಿ ಗೆಳೆಯನಿಗೆ ಸುಮ್ಮನೆ ಕೊಟ್ಟರೂ ಹಂಚಿಕೆಯೇ. ಇಬ್ಬರು ಸೇರಿ ದುಡ್ಡು ಹಾಕಿ, ಒಬ್ಬ ಹೋಗಿ ತಂದು, ಇಬ್ಬರೂ ಹಂಚಿಕೊಂಡರೆ ತಂದವನು ಸಾವಿನ ಕೇಸಿನಲ್ಲಿ ಆರೋಪಿ ಆಗಬಹುದು. ಇಪ್ಪತ್ತು ವರ್ಷ ಅನ್ನುವ ಮಾತು ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಕೇಳಿ ದೊಡ್ಡ ವ್ಯಾಪಾರಿ ಹೆದರುತ್ತಾನೋ ಇಲ್ಲವೋ ನಾನು ಹೇಳಲಾರೆ, ಆದರೆ ಬಚ್ಚಲಲ್ಲಿ ತಣ್ಣೀರು ಹಿಡಿದು ನಿಂತ ಹುಡುಗ ಹೆದರುತ್ತಾನೆ. ಅವನು ಹೆದರಿದ್ದಕ್ಕೆ ನನ್ನ ಟೇಬಲ್ ಮೇಲೆ ದೇಹ ಬರುತ್ತದೆ.

ಜೈಲಿನಿಂದ ಹೊರಗೆ ಬಂದ ಮೊದಲ ಎರಡು ವಾರ ಎಲ್ಲಕ್ಕಿಂತ ಅಪಾಯದ ಕಾಲ, ಇದನ್ನೂ ಹೇಳಿಬಿಡುತ್ತೇನೆ. ಒಳಗಿದ್ದಾಗ ಮೈಗೆ ಅಭ್ಯಾಸ ತಪ್ಪಿರುತ್ತದೆ, ಹೊರಗೆ ಬಂದು ಹಳೇ ಅಳತೆಯಲ್ಲೇ ತೆಗೆದುಕೊಳ್ಳುತ್ತಾರೆ. ಸಣ್ಣ ಮಾರಾಟಗಾರರಲ್ಲಿ ಬಹಳ ಜನ ಚಟ ಇರುವವರೇ, ತಮ್ಮ ಡೋಸಿಗೆ ಬೇಕಾದಷ್ಟು ಮಾರುವವರು. ಚಟದ ಚಿಕಿತ್ಸೆಗೆ ಬಳಸುವ ಮೆಥಡೋನ್, ಬುಪ್ರೆನಾರ್ಫಿನ್ ಔಷಧ ಕೊಟ್ಟರೆ ಸಾಯುವ ಸಂಭವ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬುಪ್ರೆನಾರ್ಫಿನ್ ಬರೆಯಲು ಡಾಕ್ಟರಿಗೆ ಬೇಕಿದ್ದ ಬೇರೆ ಪರವಾನಗಿಯನ್ನು 2022ರ ಕೊನೆಯಲ್ಲಿ ತೆಗೆದುಹಾಕಿದರು. ಆದರೂ ಎಷ್ಟೋ ಜೈಲುಗಳಲ್ಲಿ ಇದು ಸಿಗುವುದಿಲ್ಲ. ಹತ್ತು ವರ್ಷ ಒಳಗಿಟ್ಟು, ಚಿಕಿತ್ಸೆ ಕೊಡದೆ, ಬಸ್ಸಿನ ಟಿಕೆಟ್ ಕೈಗಿಟ್ಟು ಕಳಿಸಿದರೆ ಅವರು ಎಲ್ಲಿಗೆ ಹೋಗುತ್ತಾರೆ ಹೇಳಿ?

ಸದಾನಂದ_ಮೇಷ್ಟ್ರು:

ನಾನು ಇತಿಹಾಸ ಪಾಠ ಮಾಡುತ್ತಿದ್ದವನು. ಒಂದು ವಿಷಯ ನೆನಪಿಸುತ್ತೇನೆ, ಇದು ಮೊದಲ ಸಲ ಆಗುತ್ತಿರುವುದಲ್ಲ.

1986ರ ಜೂನ್‌ನಲ್ಲಿ ಲೆನ್ ಬಯಾಸ್ ಎಂಬ ಬಾಸ್ಕೆಟ್‌ಬಾಲ್ ಆಟಗಾರ ಕೊಕೇನ್‌ನಿಂದ ಸತ್ತ. ಬಾಸ್ಟನ್ ಸೆಲ್ಟಿಕ್ಸ್ ತಂಡ ಆರಿಸಿಕೊಂಡು ಎರಡೇ ದಿನ ಆಗಿತ್ತು, ವಯಸ್ಸು 22. ದೇಶಕ್ಕೇ ಆಘಾತ. ಅಕ್ಟೋಬರ್ ಮುಗಿಯುವಷ್ಟರಲ್ಲಿ ಹೊಸ ಕಾನೂನಿಗೆ ಅಧ್ಯಕ್ಷ ರೇಗನ್ ಸಹಿ ಬಿತ್ತು. ಇವತ್ತಿನ 5 ವರ್ಷ, 10 ವರ್ಷದ ಗ್ರಾಂ ಪಟ್ಟಿ ಹುಟ್ಟಿದ್ದು ಅಲ್ಲಿ. ನಾಲ್ಕು ತಿಂಗಳು. 5 ಗ್ರಾಂ ಕ್ರ್ಯಾಕ್‌ಗೆ, ಅಂದರೆ ಹೊಗೆಯಾಗಿ ಸೇದುವ ಕೊಕೇನ್ ಹರಳಿಗೆ, ಎಷ್ಟು ಶಿಕ್ಷೆಯೋ 500 ಗ್ರಾಂ ಕೊಕೇನ್ ಪುಡಿಗೂ ಅಷ್ಟೇ ಅಂತ ಬರೆದರು. ಕ್ರ್ಯಾಕ್ ಕೇಸುಗಳಲ್ಲಿ ಜೈಲಿಗೆ ಹೋದವರಲ್ಲಿ ಬಹುಪಾಲು ಕಪ್ಪು ಜನ. ಆ ಒಂದಕ್ಕೆ ನೂರರ ಲೆಕ್ಕವನ್ನು ಒಂದಕ್ಕೆ ಹದಿನೆಂಟಕ್ಕೆ ಇಳಿಸಲು 2010ರ ತನಕ ಕಾಯಬೇಕಾಯಿತು. ಬರೆಯಲು ನಾಲ್ಕು ತಿಂಗಳು, ತಿದ್ದಲು ಇಪ್ಪತ್ತನಾಲ್ಕು ವರ್ಷ.

ಅದಕ್ಕೂ ಮೊದಲು 1951ರಲ್ಲಿ, ಮತ್ತೆ 1956ರಲ್ಲಿ ಕಡ್ಡಾಯ ಶಿಕ್ಷೆ ತಂದಿದ್ದರು. ಕೆಲಸ ಮಾಡುತ್ತಿಲ್ಲ ಅಂತ 1970ರಲ್ಲಿ ಕಾಂಗ್ರೆಸ್ಸೇ ಹೆಚ್ಚಿನದನ್ನು ತೆಗೆದುಹಾಕಿತು. ಮಿಷಿಗನ್‌ನಲ್ಲಿ 1978ರಲ್ಲಿ 650 ಗ್ರಾಂ ಹೆರಾಯಿನ್ ಅಥವಾ ಕೊಕೇನ್‌ಗೆ ಪರೋಲ್ ಇಲ್ಲದ ಜೀವಾವಧಿ ಅಂತ ಮಾಡಿದರು. ಸಹಿ ಹಾಕಿದ ಗವರ್ನರ್ ವಿಲಿಯಂ ಮಿಲಿಕನ್ ಅವರೇ ಮುಂದೆ ಅದಕ್ಕೆ ಪಶ್ಚಾತ್ತಾಪ ಪಟ್ಟರು, 1998ರಲ್ಲಿ ರಾಜ್ಯ ಅದನ್ನು ಸಡಿಲಿಸಿತು. ಇಂಥ ಕಾನೂನುಗಳ ಹಿಂದೆ ನಿಜವಾದ ಸಾವು, ನಿಜವಾದ ದುಃಖ ಇರುತ್ತದೆ. ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ದುಃಖದ ಮೊದಲ ತಿಂಗಳುಗಳಲ್ಲಿ ಬರೆದ ಅಂಕಿ ಕಾನೂನಿನಲ್ಲಿ ಒಂದು ತಲೆಮಾರು ಕೂತುಬಿಡುತ್ತದೆ, ನನ್ನ ಚಿಂತೆ ಅದು.

ಲೋಕೇಶ್_ಬಿ:

ಸುಮಾ ಅವರೇ, ನಿಮ್ಮ ಮಗನ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಡಲಿಲ್ಲ, ನಾನು ಪ್ರಯತ್ನಿಸುತ್ತೇನೆ. ಮಾರುವುದು ನಿಲ್ಲುತ್ತಾ? ಇಷ್ಟು ವರ್ಷದ ಅನುಭವ ನೋಡಿದರೆ, ಇಲ್ಲ.

ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2014ರಲ್ಲಿ ಅಮೆರಿಕದ ಜೈಲುವಾಸದ ಬಗ್ಗೆ ದೊಡ್ಡ ವರದಿ ಕೊಟ್ಟಿತು. ಶಿಕ್ಷೆಯನ್ನು ಉದ್ದ ಮಾಡಿದ್ದರಿಂದ ಅಪರಾಧ ತಡೆಯುವ ಲಾಭ ಬಹಳ ಅಲ್ಪ ಅಂತ ಅದರ ತೀರ್ಮಾನ. 2018ರಲ್ಲಿ ಪ್ಯೂ ಅನ್ನುವ ಸಂಶೋಧನಾ ಸಂಸ್ಥೆ ರಾಜ್ಯಗಳನ್ನು ಹೋಲಿಸಿ ನೋಡಿತು. ಮಾದಕ ವಸ್ತುಗಳ ಕೇಸಿನಲ್ಲಿ ಜಾಸ್ತಿ ಜನರನ್ನು ಜೈಲಿಗೆ ಹಾಕಿದ ರಾಜ್ಯಗಳಲ್ಲಿ ಬಳಕೆಯಾಗಲಿ, ಓವರ್‌ಡೋಸ್ ಸಾವಾಗಲಿ ಕಡಿಮೆ ಇರಲಿಲ್ಲ. ತಡೆಯುವುದು ಸಿಕ್ಕಿಬೀಳುತ್ತೇನೆ ಅನ್ನುವ ಖಾತ್ರಿ, ಎಷ್ಟು ವರ್ಷ ಅನ್ನುವುದಲ್ಲ. ಸಿಕ್ಕುವುದೇ ಇಲ್ಲ ಅಂದುಕೊಂಡವನಿಗೆ ಐದಾದರೇನು, ಹತ್ತಾದರೇನು?

ಮಂಜುನಾಥ್ ಅವರು ಹೇಳಿದ, ಒಳಗಿದ್ದಷ್ಟು ದಿನ ಮಾರಲಿಲ್ಲ ಅನ್ನುವ ಮಾತು ಕಳ್ಳನಿಗೆ, ಕೊಲೆಗಾರನಿಗೆ ಸರಿ. ಮಾದಕ ವಸ್ತು ವ್ಯಾಪಾರದಲ್ಲಿ ಒಬ್ಬ ಹೋದರೆ ಆ ಮೂಲೆಗೆ ವಾರದೊಳಗೆ ಇನ್ನೊಬ್ಬ ಬರುತ್ತಾನೆ. ಕೊಳ್ಳುವವರು ಅಲ್ಲೇ ಇದ್ದಾರಲ್ಲ. ಇನ್ನೂ ನೋವಿನ ಸಂಗತಿ, ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಒಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಪೊಲೀಸರು ಓಪಿಯಾಯ್ಡ್ (ಫೆಂಟನಿಲ್, ಹೆರಾಯಿನ್ ಥರದ ಮಾದಕ ವಸ್ತು) ವಶಪಡಿಸಿಕೊಂಡ ಜಾಗದ ಸುತ್ತಮುತ್ತ ಮುಂದಿನ ಮೂರು ವಾರಗಳಲ್ಲಿ ಓವರ್‌ಡೋಸ್ ಜಾಸ್ತಿಯಾಗಿತ್ತು. ಗೊತ್ತಿದ್ದ ಮಾರಾಟಗಾರ ಹೋದ, ಹೊಸಬನ ಸರಕಿನ ಬಲ ಯಾರಿಗೂ ಗೊತ್ತಿಲ್ಲ, ಅದೇ ಕಾರಣ ಇರಬೇಕು ಅನ್ನುತ್ತಾರೆ. ಹಿಡಿಯಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಹಿಡಿದ ದಿನವೇ ಆ ಬೀದಿಗೆ ನಲೋಕ್ಸೋನ್ ಹಿಡಿದು ಆರೋಗ್ಯ ಕಾರ್ಯಕರ್ತರು ಹೋಗಬೇಕು.

ಓವರ್‌ಡೋಸ್ ಸಾವು 2023ರಲ್ಲಿ ಸುಮಾರು 1,05,000 ಇದ್ದದ್ದು 2024ರಲ್ಲಿ ಸುಮಾರು 80,000ಕ್ಕೆ ಇಳಿಯಿತು. ಹಾಲ್ಟ್ ಫೆಂಟನಿಲ್ ಕಾಯ್ದೆ ಬಂದದ್ದು ಅದಾದ ಮೇಲೆ. ನಲೋಕ್ಸೋನ್, ಚಿಕಿತ್ಸೆ, ಸರಕಿನ ಬಲ ಇಳಿದದ್ದು, ಇದಕ್ಕೆ ಕಾರಣ ಹಲವು. ಆದರೂ 80,000 ಅಂದರೆ ಒಂದು ಊರೇ ಖಾಲಿಯಾದ ಹಾಗೆ.

ಮಸೂದೆಯ ಬಗ್ಗೆ ಜನರ ಮಾತು ಕೇಳುವ ಹಿಯರಿಂಗ್‌ಗೆ ಹೋದರೆ ಬೇಡ ಅಂತ ಮಾತ್ರ ಹೇಳಿ ಬರಬೇಡಿ. ತೂಕವನ್ನು ಮಿಶ್ರಣದಿಂದ ಯಾಕೆ ಅಳೆಯುತ್ತೀರಿ, ಶುದ್ಧ ಫೆಂಟನಿಲ್‌ನಿಂದ ಯಾಕಲ್ಲ ಅಂತ ಕೇಳಿ. ಗೊತ್ತಿದ್ದೇ ಮಾರಿದವನನ್ನು, ನಕಲಿ ಮಾತ್ರೆ ಅಚ್ಚೊತ್ತುವವನನ್ನು, ಮಕ್ಕಳಿಗೆ ಫೋನಿನಲ್ಲಿ ಮಾರಿದವನನ್ನು ಬೇರೆಯಾಗಿ ಹೆಸರಿಸಿ ಅಲ್ಲಿ ಕಠಿಣ ಶಿಕ್ಷೆ ಇಡಿ ಅಂತ ಕೇಳಿ, ಅದರಲ್ಲಿ ನಾನೂ ನಿಮ್ಮ ಜೊತೆ. 911ಕ್ಕೆ ಕರೆದವನಿಗೆ ಸಾವಿನ ಕೇಸಿನಿಂದಲೂ ರಕ್ಷಣೆ ಬರೆಯಿರಿ ಅಂತ ಕೇಳಿ.

ಮಂಜುನಾಥ್_ಕೆ:

ಎಲ್ಲ ಓದಿದೆ. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಕೆಳಗೊಂದು ಗೆರೆ ಬೇಕು ಅಂತಲೇ ಈಗಲೂ ಅನ್ನುತ್ತೇನೆ, ಜಡ್ಜ್‌ಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ಆದರೆ ಆ ಗೆಳೆಯನ ವಿಷಯ. ಇಷ್ಟು ವರ್ಷ ಅವನನ್ನು ನಾನು ಕ್ಷಮಿಸಿರಲಿಲ್ಲ. ಮಾರಿದವನಿಗಿಂತ ಹೆಚ್ಚು ಇವನ ಮೇಲೆ ಸಿಟ್ಟಿತ್ತು. ಶಾಂತಲಾ ಅವರು ಬರೆದದ್ದು ಓದಿದ ಮೇಲೆ ನೆನಪಾಯಿತು, ಅವನಿಗೆ ಆಗ ಇಪ್ಪತ್ಮೂರು. ಪೊಲೀಸರು ನನ್ನನ್ನೇ ಹಿಡಿಯುತ್ತಾರೆ ಅಂದುಕೊಂಡೆ ಅಣ್ಣ, ಅಂತ ಅಂದು ಫೋನಿನಲ್ಲಿ ಅಳುತ್ತಿದ್ದ. ಸುಮಾ ಅವರೇ, 911 ವಿಷಯವನ್ನು ಮೊದಲು ಕೇಳಿ. ಬೇಕಿದ್ದರೆ ನನ್ನ ತಮ್ಮನ ವಿಷಯ ಹೇಳಿ, ಹೆಸರು ಬೇಡ.

ಸುಮಾ_ಎಚ್:

ಎಲ್ಲರಿಗೂ ಧನ್ಯವಾದ ಅನ್ನುವುದು ಚಿಕ್ಕ ಮಾತಾಯಿತು. ಮಸೂದೆ ಈಗಿರುವ ಹಾಗೆ ಇದ್ದರೆ ನಾನು ಸಹಿ ಹಾಕುವುದಿಲ್ಲ. ಗುರುವಾರ ಸಂಜೆ ಹಿಯರಿಂಗ್ ಇದೆ, ಪ್ರತಿಯೊಬ್ಬರಿಗೂ ಮೂರು ನಿಮಿಷ ಕೊಡುತ್ತಾರಂತೆ. ಮೊದಲು 911, ಆಮೇಲೆ ವೀಣಾ ಅವರ 39 ಗ್ರಾಂ, ಸಮಯ ಉಳಿದರೆ ಗೊತ್ತಿದ್ದು ಮಾರಿದವರ ವಿಷಯ. ಮಗ ಗಡಿಯಾರ ಹಿಡಿದು ಕೂತಿದ್ದಾನೆ, ಎರಡು ಸಲ ಓದಿದೆ, ಎರಡೂ ಸಲ ನಾಲ್ಕು ನಿಮಿಷ ಆಯಿತು.

ಅದಕ್ಕಿಂತ ಮೊದಲು ಒಂದು ಕೆಲಸ ಇದೆ. ನಾಳೆ ಬೆಳಗ್ಗೆ ಆ ಹುಡುಗನ ಅಮ್ಮನ ಮನೆಗೆ ಹೋಗುತ್ತೇನೆ. ನಾನು ಸಹಿ ಹಾಕಲಿಲ್ಲ ಅನ್ನುವುದು ಅವರಿಗೆ ಬೇರೆಯವರಿಂದ ತಿಳಿಯಬಾರದು.